ಸಭೆ ಸೇರುವ ಮುನ್ನ

ಕಚೇರಿ ಸಭೆಗಳ ಮೇಲಿನ ದೂರು ಹಳೆಯದು. ಅವನ್ನು ಪರೀಕ್ಷೆಗೊಡ್ಡಿ ಅಳೆದು ನೋಡುವ ಅಭ್ಯಾಸ ಮಾತ್ರ ಈಚಿನದು. ಅಮೆರಿಕದ ಸೇನೆಯಲ್ಲಿ ಇಂಜಿನಿಯರಾಗಿದ್ದ ಹೆನ್ರಿ ರಾಬರ್ಟ್ 1876ರಲ್ಲಿ ಸಭಾನಿಯಮಗಳ ಕೈಪಿಡಿ ಹೊರತಂದಾಗ ಅವರನ್ನು ಕಾಡಿದ್ದು ಗದ್ದಲ. ಯಾರು ಯಾವಾಗ ಮಾತಾಡಬೇಕು, ಗೊತ್ತುವಳಿಯನ್ನು ಹೇಗೆ ಮಂಡಿಸಬೇಕು, ಮತಕ್ಕೆ ಹೇಗೆ ಹಾಕಬೇಕು ಎಂಬುದನ್ನು ಅವರು ಗೊತ್ತುಮಾಡಿದರು. ಸೂಚಕರು, ಅನುಮೋದಕರು ಎಂದು ನಮ್ಮ ಸಂಘಗಳ ನಡಾವಳಿ ಪುಸ್ತಕಗಳಲ್ಲಿ ಬರೆಯುವುದೂ ಇದೇ ಬಗೆಯ ಸಂಸದೀಯ ಪದ್ಧತಿಯ ಬಳುವಳಿ. ಈ ನಿಯಮಗಳು ಸಭೆಯಲ್ಲಿ ನ್ಯಾಯವನ್ನು ಕಾಯುತ್ತವೆ. ಒಳ್ಳೆಯ ಯೋಚನೆಯನ್ನು ಹುಟ್ಟಿಸುವುದು ಅವುಗಳ ಕೆಲಸವಲ್ಲ.

ಆ ಕೆಲಸಕ್ಕೆ ಕೈಹಾಕಿದವರು ಜಾಹೀರಾತು ಉದ್ಯಮದ ಅಲೆಕ್ಸ್ ಆಸ್‌ಬಾರ್ನ್. ಟೀಕೆಯನ್ನು ಬದಿಗಿಟ್ಟು, ತೋಚಿದ್ದನ್ನೆಲ್ಲ ಹೇಳಿ, ಗುಂಪಾಗಿ ಯೋಚಿಸಿದರೆ ಹೆಚ್ಚು ಹೊಳೆಯುತ್ತದೆ ಎಂದು 1940 ಮತ್ತು 50ರ ದಶಕಗಳಲ್ಲಿ ಅವರು ಸಾರಿದ ಬ್ರೇನ್‌ಸ್ಟಾರ್ಮಿಂಗ್ ಜಗತ್ತಿನ ಕಚೇರಿಗಳನ್ನೆಲ್ಲ ಹೊಕ್ಕಿತು. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಇದಕ್ಕೆ ವಿರುದ್ಧವಾದುದನ್ನು ಕಂಡಿತ್ತು: ಒಂಟಿಯಾಗಿ ಯೋಚಿಸಿದ ನಾಲ್ವರ ಪಟ್ಟಿಗಳನ್ನು ಕೂಡಿಸಿದರೆ, ಒಟ್ಟಿಗೆ ಕೂತ ನಾಲ್ವರು ಕೊಟ್ಟದ್ದರ ಸುಮಾರು ಎರಡರಷ್ಟು ವಿಚಾರಗಳು ಸಿಕ್ಕವು. ಕಾರಣವನ್ನು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಬಿಡಿಸಿಟ್ಟರು. ಸಂಕೋಚ, ಸೋಮಾರಿತನ ಇವೆಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ ಸರದಿ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ಇದಕ್ಕೂ ಎರಡು ವರ್ಷ ಮೊದಲು ಸ್ಟ್ಯಾಸರ್ ಮತ್ತು ಟೈಟಸ್ ಇನ್ನೂ ಗಂಭೀರವಾದ ದೋಷವನ್ನು ತೋರಿಸಿದ್ದರು. ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಗುಂಪು ಮತ್ತೆ ಮತ್ತೆ ಚರ್ಚಿಸುತ್ತದೆ. ಒಬ್ಬರ ಬಳಿ ಮಾತ್ರ ಇರುವ ಮಾಹಿತಿ, ಅದು ತೀರ್ಮಾನವನ್ನೇ ಬದಲಿಸುವಂಥದ್ದಾದರೂ, ಹಲವೊಮ್ಮೆ ಮೇಜಿನ ಮೇಲೆ ಬರುವುದೇ ಇಲ್ಲ. ಈ ಮೂರನ್ನೂ ಜೊತೆಗಿಟ್ಟು ನೋಡಿದರೆ ನನಗೆ ಕಾಣುವುದು ಇದು: ಸಭೆಯ ಫಲ ಬಹುಮಟ್ಟಿಗೆ ಸಭೆಗೆ ಮುಂಚೆಯೇ ನಿರ್ಧಾರವಾಗುತ್ತದೆ. ಪ್ರತಿಯೊಬ್ಬರೂ ತಾವಾಗಿ ಯೋಚಿಸಿ, ಬರೆದುಕೊಂಡು ಬಂದಿದ್ದರೆ ಮಾತ್ರ ಕೂಡಿ ಮಾತಾಡುವುದಕ್ಕೆ ಅರ್ಥವಿದೆ.

ಸಂಬಳ, ಬಡ್ತಿ, ಮೇಲಧಿಕಾರಿ ಯಾವುದೂ ಇಲ್ಲದ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಕಚೇರಿಗೆ ಹೇಗೆ ಅನ್ವಯಿಸುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರ ಸಿಕ್ಕಿದ್ದು ನಿಜವಾದ ಸಭೆಗಳಿಂದ. ಜರ್ಮನಿಯಲ್ಲಿ ಕೌಫೆಲ್ಡ್ ಮತ್ತು ಲೇಮನ್-ವಿಲ್ಲೆನ್‌ಬ್ರಾಕ್ 20 ಸಂಸ್ಥೆಗಳ 92 ತಂಡಗಳ ಸಭೆಗಳನ್ನು ವಿಡಿಯೊ ಮಾಡಿ, ಮಾತುಗಳನ್ನು ವರ್ಗೀಕರಿಸಿ 2012ರಲ್ಲಿ ಪ್ರಕಟಿಸಿದರು. ಸಮಸ್ಯೆಯನ್ನು ಬಿಡಿಸುವ, ಮುಂದೆ ಯಾರೇನು ಮಾಡಬೇಕೆಂದು ಗೊತ್ತುಪಡಿಸುವ ಮಾತು ಹೆಚ್ಚಿದ್ದ ತಂಡಗಳ ಉತ್ಪಾದಕತೆ ಹೆಚ್ಚಿತ್ತು. ಎರಡೂವರೆ ವರ್ಷಗಳ ನಂತರದ ಸಂಸ್ಥೆಯ ಯಶಸ್ಸಿನೊಂದಿಗೂ ಅದಕ್ಕೆ ನಂಟು ಕಂಡಿತು. ದೂಷಣೆ, ಗೊಣಗಾಟಗಳ ಕೆಡುಕಂತೂ ಒಳ್ಳೆಯ ಮಾತಿನ ಲಾಭಕ್ಕಿಂತ ದೊಡ್ಡದಿತ್ತು. ಇನ್ನು, ನಿಂತೇ ಸಭೆ ನಡೆಸುವ ರೂಢಿ. ಕೂತು ನಡೆಸಿದ ಸಭೆ ಶೇ. 34ರಷ್ಟು ಹೆಚ್ಚು ಹೊತ್ತು ಹಿಡಿಯಿತು, ತೀರ್ಮಾನದ ಗುಣಮಟ್ಟ ಮಾತ್ರ ಉತ್ತಮಗೊಳ್ಳಲಿಲ್ಲ ಎಂದು 1999ರ ಅಧ್ಯಯನವೊಂದು ಹೇಳಿತು. ಸಮಯ ಉಳಿಸಲು ಉಪಯುಕ್ತ, ಆದರೆ ಯಾವ ಪ್ರಶ್ನೆಗೆ ಸೇರಿದ್ದೇವೆ ಎಂಬುದೇ ತಿಳಿಯದಿದ್ದರೆ ನಿಂತರೂ ಅಷ್ಟೆ, ಕೂತರೂ ಅಷ್ಟೆ.

ಇನ್ನೊಂದು ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಸಭೆ ಬರೀ ತೀರ್ಮಾನದ ಯಂತ್ರವಲ್ಲ, ಸಂಸ್ಥೆ ತನ್ನನ್ನು ತಾನು ಕಂಡುಕೊಳ್ಳುವ ಜಾಗವೂ ಹೌದು ಎಂದು ಮಾನವಶಾಸ್ತ್ರಜ್ಞೆ ಹೆಲೆನ್ ಶ್ವಾರ್ಟ್ಸ್‌ಮನ್ 1989ರಷ್ಟು ಹಿಂದೆಯೇ ವಾದಿಸಿದರು. ನಿಜ. ಆದರೆ ಇಬ್ಬರು ಹಿರಿಯರು ಮಾತಾಡಿ ಹತ್ತು ಜನ ತಲೆಯಾಡಿಸುವ ಕೋಣೆಯಲ್ಲಿ ಬೆಳೆಯುವ ಬಾಂಧವ್ಯ ಯಾರದು? ವುಲ್ಲಿ ಮತ್ತು ಸಂಗಡಿಗರು 2010ರಲ್ಲಿ 699 ಜನರ ಗುಂಪುಗಳನ್ನು ಪರೀಕ್ಷಿಸಿದಾಗ, ಗುಂಪಿನ ಸಾಮರ್ಥ್ಯಕ್ಕೆ ಸದಸ್ಯರ ಬುದ್ಧಿಮತ್ತೆಗಿಂತ ಮಾತಿನ ಸರದಿ ಸಮನಾಗಿ ಹಂಚಿಕೆಯಾಗುವುದು ಮತ್ತು ಪರರ ಭಾವನೆ ಗ್ರಹಿಸುವ ಸೂಕ್ಷ್ಮತೆ ಹೆಚ್ಚು ಹತ್ತಿರವಿದ್ದವು. ಬರವಣಿಗೆ ಈ ಹಂಚಿಕೆಗೆ ನೆರವಾಗುತ್ತದೆ. ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡಲಾರದ, ಆದರೆ ವಿಷಯ ಬಲ್ಲ ಕಿರಿಯ ಉದ್ಯೋಗಿಗೆ ಹಿಂದಿನ ದಿನ ಕೈಗೆ ಬಂದ ಪ್ರಶ್ನೆ ದೊಡ್ಡ ಆಸರೆ. ಮೊದಲೇ ಕಳಿಸಿದರೆ ಯಾರೂ ಓದುವುದಿಲ್ಲ ಎನ್ನುವವರಿಗೆ ಅಮೆಜಾನ್ ದಾರಿ ತೋರಿಸಿದೆ: 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟನ್ನು ಕೈಬಿಟ್ಟು, ಬರೆದ ಟಿಪ್ಪಣಿಯನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದುವ ಪದ್ಧತಿಗೆ ಅದು ಹೊರಳಿತು.

ಪರದೆಯ ಮೇಲಿನ ಸಭೆಗಳಿಗೂ ಈ ಮಾತು ಹೊಂದುತ್ತದೆ. ವಿಡಿಯೊ ಮೂಲಕ ಕೂಡಿದ ಜೋಡಿಗಳಿಗೆ ಹೊಸ ವಿಚಾರಗಳು ಕಡಿಮೆ ಹೊಳೆದವು, ಆದರೆ ಇದ್ದವುಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ಅವು ಹಿಂದೆ ಬೀಳಲಿಲ್ಲ ಎಂದು ಬ್ರಕ್ಸ್ ಮತ್ತು ಲೆವಾವ್ 2022ರಲ್ಲಿ ಕಂಡರು. ಹಾಗಾದರೆ ಯೋಚನೆ ಮೊದಲೇ ಆಗಿರಲಿ, ಕರೆಯನ್ನು ಆಯ್ಕೆಗಷ್ಟೇ ಬಳಸೋಣ. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಬೇಸಿಗೆಯಲ್ಲಿ 12½ ಗಂಟೆ, ಚಳಿಗಾಲದಲ್ಲಿ 13½ ಗಂಟೆ ಅಂತರ. ಕರೆ ಎಂದರೆ ಯಾರೋ ಒಬ್ಬರ ರಾತ್ರಿಯೂಟ, ಮಕ್ಕಳ ಜೊತೆಗಿನ ಹೊತ್ತು ಹೋಯಿತೆಂದೇ ಲೆಕ್ಕ. ಸಭೆ ಕರೆಯುವ ಅಧಿಕಾರ ಇರುವವರು ಆಹ್ವಾನದ ಮೊದಲ ಸಾಲಿನಲ್ಲೇ ತೀರ್ಮಾನವಾಗಬೇಕಾದ ಪ್ರಶ್ನೆಯನ್ನು ಬರೆಯಲಿ, ಉತ್ತರಗಳನ್ನು ಮುಂಚಿತವಾಗಿ ತರಿಸಿಕೊಳ್ಳಲಿ, ಕೋಣೆಯಲ್ಲಿ ಕಿರಿಯರಿಗೆ ಮೊದಲು ಮಾತು ಕೊಡಲಿ. ಅಂಥ ಪ್ರಶ್ನೆಯೇ ಸಿಗದಿದ್ದರೆ ಸಭೆಯನ್ನು ರದ್ದುಮಾಡಲಿ.