ಬ್ಯಾಕ್ಟೀರಿಯಾದ ರಕ್ಷಾಕವಚವನ್ನು ಔಷಧಿಗಳು ಹೇಗೆ ಭೇದಿಸುತ್ತವೆ? ಮುಂಬೈಯ ಕ್ಷಯರೋಗ ಕಲಿಸುವ ಪಾಠ

ಮೂತ್ರದ ಸೋಂಕಿಗೆ ಕೆಲವೇ ದಿನಗಳ ಮಾತ್ರೆ ಸಾಕಾಗುತ್ತದೆ. ಆದರೆ ಕ್ಷಯರೋಗಕ್ಕೆ, ಅಂದರೆ ಟಿಬಿಗೆ, ಕನಿಷ್ಠ ಆರು ತಿಂಗಳು ಏಕೆ ಮಾತ್ರೆ ನುಂಗಬೇಕು? ಚಿಕಿತ್ಸೆ ಆರಂಭಿಸಿದ ಬಹುತೇಕರು ಈ ಪ್ರಶ್ನೆ ಕೇಳುತ್ತಾರೆ. ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತದೆ ಎಂಬುದು ಒಂದು ಕಾರಣ. ಅದರ ಸುತ್ತ ಇರುವ ಮೇಣದಂಥ ಗೋಡೆ ಇನ್ನೊಂದು ಕಾರಣ. ಈ ಗೋಡೆಯ ಬಗ್ಗೆ ತಿಳಿದುಕೊಂಡರೆ, ಔಷಧಿಯನ್ನು ಮಧ್ಯದಲ್ಲಿ ಬಿಡಬಾರದು ಎಂದು ವೈದ್ಯರು ಏಕೆ ಒತ್ತಿ ಹೇಳುತ್ತಾರೆ ಎಂಬುದು ಅರ್ಥವಾಗುತ್ತದೆ.

ಬ್ಯಾಕ್ಟೀರಿಯಾದ ಕವಚ ಹೇಗಿರುತ್ತದೆ?

ಪ್ರತಿ ಬ್ಯಾಕ್ಟೀರಿಯಾಕ್ಕೂ ಕೊಬ್ಬಿನಂಶದಿಂದಾದ ತೆಳುವಾದ ಕೋಶಪೊರೆ ಇರುತ್ತದೆ. ಒಳಗಿನ ಲವಣ, ಆಹಾರಾಂಶಗಳು ಸೋರಿಹೋಗದಂತೆ ಅದು ತಡೆಯುತ್ತದೆ. ಹೆಚ್ಚಿನವುಗಳಲ್ಲಿ ಆ ಪೊರೆಯ ಹೊರಗೆ ಬಲೆಯಂತೆ ಹೆಣೆದ ಕೋಶಗೋಡೆ ಇರುತ್ತದೆ. ಇದರ ಮುಖ್ಯ ವಸ್ತು ಪೆಪ್ಟಿಡೋಗ್ಲೈಕಾನ್. ಒಳಗಿನ ಒತ್ತಡಕ್ಕೆ ಜೀವಕೋಶ ಒಡೆಯದಂತೆ ಕಾಪಾಡುವುದು ಈ ಗೋಡೆಯ ಕೆಲಸ.

ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಬಣ್ಣದ ಪರೀಕ್ಷೆಯ ಆಧಾರದಲ್ಲಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪು ಮಾಡುತ್ತಾರೆ. ಗ್ರಾಮ್ ಪಾಸಿಟಿವ್ ಗುಂಪಿನಲ್ಲಿ ಗೋಡೆ ದಪ್ಪ. ಗ್ರಾಮ್ ನೆಗೆಟಿವ್ ಗುಂಪಿನಲ್ಲಿ ಗೋಡೆ ತೆಳುವಾದರೂ ಅದರ ಹೊರಗೆ ಇನ್ನೊಂದು ಪೊರೆ ಇರುತ್ತದೆ. ಈ ಹೊರಪೊರೆ ಅನೇಕ ಔಷಧಿಗಳನ್ನು ಒಳಗೆ ಬಿಡುವುದಿಲ್ಲ. ಉದಾಹರಣೆಗೆ, ವ್ಯಾಂಕೋಮೈಸಿನ್ ಔಷಧಿಯ ಅಣು ದೊಡ್ಡದು. ಅದು ಹೊರಪೊರೆಯನ್ನು ದಾಟಲಾರದು.

ಸಾಬೂನು, ಸ್ಯಾನಿಟೈಸರ್ ಏನು ಮಾಡುತ್ತವೆ?

ಸಾಬೂನಿನ ಅಣುವಿನ ಒಂದು ತುದಿಗೆ ನೀರು, ಇನ್ನೊಂದು ತುದಿಗೆ ಕೊಬ್ಬು ಇಷ್ಟ. ಹಾಗಾಗಿ ಅದು ಕೊಬ್ಬಿನ ಪೊರೆಯನ್ನು ಸಡಿಲಗೊಳಿಸುತ್ತದೆ ಮತ್ತು ಕೈಗಂಟಿದ ಕೊಳೆಯೊಂದಿಗೆ ಬ್ಯಾಕ್ಟೀರಿಯಾವನ್ನು ತೊಳೆದು ಹಾಕುತ್ತದೆ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಪೊರೆಯನ್ನು ಕರಗಿಸಿ ಒಳಗಿನ ಪ್ರೋಟೀನ್‌ಗಳನ್ನು ಕೆಡಿಸುತ್ತದೆ. ಇದಕ್ಕೆ ಸ್ವಲ್ಪ ನೀರೂ ಬೇಕು. ಆದ್ದರಿಂದಲೇ ಶುದ್ಧ ಆಲ್ಕೋಹಾಲ್‌ಗಿಂತ ಶೇ. 60ರಿಂದ 80ರಷ್ಟು ಪ್ರಮಾಣದ್ದು ಹೆಚ್ಚು ಪರಿಣಾಮಕಾರಿ.

ಆದರೆ ರಾಸಾಯನಿಕ ತಲುಪಿದ ಕಡೆ ಮಾತ್ರ ಕೆಲಸ ಮಾಡುತ್ತದೆ. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಮನೆ, ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಸುರಿಯಲಾಯಿತು. ಈ ಆಮ್ಲ ಬ್ಯಾಕ್ಟೀರಿಯಾದ ಪೊರೆಯನ್ನು ಒಡೆಯುವುದು ನಿಜ. ಆದರೆ ಪ್ಲೇಗ್ ಹರಡುತ್ತಿದ್ದದ್ದು ಇಲಿಗಳ ಮೈಮೇಲಿನ ಚಿಗಟಗಳಿಂದ. ಹಾಗಾಗಿ ರೋಗ ನಿಲ್ಲಲಿಲ್ಲ. ಕ್ಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದು ಗಾಳಿಯ ಮೂಲಕ ಹರಡುವ ರೋಗ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಅದನ್ನು ತಡೆಯಲಾಗದು. ಕಿಟಕಿ ತೆರೆದಿಡುವುದು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು, ಮಾಸ್ಕ್ ಧರಿಸುವುದು ಹೆಚ್ಚು ಉಪಯುಕ್ತ.

ಆಂಟಿಬಯಾಟಿಕ್‌ಗಳು ಹೇಗೆ ಭಿನ್ನ?

ಆಲ್ಕೋಹಾಲ್ ನಮ್ಮ ಜೀವಕೋಶಗಳಿಗೂ ಹಾನಿ ಮಾಡುತ್ತದೆ. ಅದನ್ನು ಔಷಧಿಯಾಗಿ ಕುಡಿಯುವಂತಿಲ್ಲ. ಕೋಶಗೋಡೆಯ ಮೇಲೆ ಕೆಲಸ ಮಾಡುವ ಆಂಟಿಬಯಾಟಿಕ್‌ಗಳು, ನಮ್ಮಲ್ಲಿ ಇಲ್ಲದೆ ಬ್ಯಾಕ್ಟೀರಿಯಾದಲ್ಲಿ ಮಾತ್ರ ಇರುವ ಭಾಗವನ್ನು ಗುರಿ ಮಾಡುತ್ತವೆ.

• ಪೆನಿಸಿಲಿನ್, ಅಮಾಕ್ಸಿಸಿಲಿನ್: ಗೋಡೆಯ ಎಳೆಗಳನ್ನು ಜೋಡಿಸುವ ಕಿಣ್ವವನ್ನು ತಡೆಯುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಗೋಡೆ ದುರ್ಬಲವಾಗಿ, ನೀರು ಒಳನುಗ್ಗಿ ಅದು ಒಡೆಯುತ್ತದೆ.
• ಕೊಲಿಸ್ಟಿನ್: ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಿಡಿದಿಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಸರಿಸಿ ಪೊರೆಯನ್ನು ಸೋರುವಂತೆ ಮಾಡುತ್ತದೆ. ಇದು ಕೊನೆಯ ಅಸ್ತ್ರಗಳಲ್ಲಿ ಒಂದು. ಆದ್ದರಿಂದ ಕೋಳಿ ಸಾಕಣೆ ಮುಂತಾದವುಗಳಲ್ಲಿ ಇದರ ಬಳಕೆಯನ್ನು ಭಾರತ 2019ರಲ್ಲಿ ನಿಷೇಧಿಸಿತು.

ಕ್ಷಯದ ಬ್ಯಾಕ್ಟೀರಿಯಾದ ಮೇಣದ ಗೋಡೆ

ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಪ್ರಕಟಿಸಿದ ಈ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಉದ್ದನೆಯ ಕೊಬ್ಬಿನ ಅಣುಗಳು ದಟ್ಟವಾಗಿರುತ್ತವೆ. ಬಣ್ಣ ಕೂಡ ಸುಲಭವಾಗಿ ಒಳಹೋಗದು. ಕಫದ ಪರೀಕ್ಷೆಯಲ್ಲಿ ಕಾರ್ಬಾಲಿಕ್ ಆಮ್ಲ ಬೆರೆಸಿದ ಕೆಂಪು ಬಣ್ಣವನ್ನು ಬಿಸಿ ಮಾಡಿ ಒಳಹೊಗಿಸುತ್ತಾರೆ. ಒಮ್ಮೆ ಹೊಕ್ಕ ಬಣ್ಣ, ಆಮ್ಲದಿಂದ ತೊಳೆದರೂ ಹೋಗುವುದಿಲ್ಲ. ಇದರಿಂದಲೇ ರೋಗಾಣುವನ್ನು ಗುರುತಿಸುತ್ತಾರೆ.

1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ಮೈಕೋಲಿಕ್ ಆಮ್ಲದ ತಯಾರಿಕೆಯನ್ನು ನಿಲ್ಲಿಸುತ್ತದೆ. ಎಥಾಂಬ್ಯುಟಾಲ್ ಗೋಡೆಯ ಇನ್ನೊಂದು ಪದರಕ್ಕೆ ಬೇಕಾದ ಸಕ್ಕರೆ ಸರಪಳಿಗಳನ್ನು ತಡೆಯುತ್ತದೆ. ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಬೇರೆ ರೀತಿಯಲ್ಲಿ ದಾಳಿ ಮಾಡುತ್ತವೆ.

ಇಲ್ಲೊಂದು ಸೂಕ್ಷ್ಮ ಸಂಗತಿ ಇದೆ. ಐಸೋನಿಯಾಜಿಡ್ ಅನ್ನು ಸಕ್ರಿಯಗೊಳಿಸುವುದು ಬ್ಯಾಕ್ಟೀರಿಯಾದ್ದೇ ಒಂದು ಕಿಣ್ವ. ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಕೆಲವದರಲ್ಲಿ ಆ ಕಿಣ್ವ ಆಕಸ್ಮಿಕವಾಗಿ ಕೆಟ್ಟಿರುತ್ತದೆ. ಅವುಗಳ ಮೇಲೆ ಔಷಧಿ ನಾಟುವುದಿಲ್ಲ. ಒಂದೇ ಔಷಧಿ ಕೊಟ್ಟರೆ ಇಂಥವು ಉಳಿದು ಬೆಳೆಯುತ್ತವೆ. ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗುತ್ತದೆ.

ಮುಂಬೈಯಲ್ಲಿ ಏನಾಯಿತು?

1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಧಾರಾವಿಯ 100 ಖಾಸಗಿ ವೈದ್ಯರು ಕ್ಷಯಕ್ಕೆ 80 ಬಗೆಯ ಔಷಧಿ ಚೀಟಿ ಬರೆದಿದ್ದರು. 2010ರ ಅಧ್ಯಯನದಲ್ಲಿ 106 ವೈದ್ಯರು 63 ಬಗೆಯ ಚೀಟಿ ಬರೆದರು. ಸರಿಯಾಗಿ ಬರೆದವರು 6 ಮಂದಿ ಮಾತ್ರ. ಇಂಥ ತಪ್ಪು ಸಂಯೋಜನೆಗಳು ನಿರೋಧಕ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುತ್ತವೆ.

2011ರ ಕೊನೆಯಲ್ಲಿ ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಹೋದ್ಯೋಗಿಗಳು, ಪರೀಕ್ಷಿಸಿದ ಯಾವ ಔಷಧಿಗೂ ಬಗ್ಗದ ಕ್ಷಯವಿರುವ ನಾಲ್ವರು ರೋಗಿಗಳ ಬಗ್ಗೆ ವರದಿ ಮಾಡಿದರು. ‘ಸಂಪೂರ್ಣ ಔಷಧ ನಿರೋಧಕ’ ಎಂಬ ಹೆಸರನ್ನು ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಲಿಲ್ಲ. ಆದರೂ ಎಚ್ಚರಿಕೆ ಎಲ್ಲರಿಗೂ ಮುಟ್ಟಿತು. 2012ರ ಮೇ ತಿಂಗಳಲ್ಲಿ, ಪ್ರತಿ ಕ್ಷಯ ರೋಗಿಯ ಬಗ್ಗೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಯಿತು. 2014ರ ಮಾರ್ಚ್‌ನಿಂದ ಕ್ಷಯದ ಔಷಧಿಗಳನ್ನು ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿಯಾಯಿತು.

ಈಗ ಔಷಧ ನಿರೋಧಕ ಕ್ಷಯಕ್ಕೂ ಚಿಕಿತ್ಸೆ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಾಲ್ಕು ಔಷಧಿಗಳ, ಸುಮಾರು ಆರು ತಿಂಗಳ ಹೊಸ ಕ್ರಮಕ್ಕೆ ಒಪ್ಪಿಗೆ ನೀಡಿತು. ಅದರಲ್ಲಿರುವ ಪ್ರೆಟೊಮಾನಿಡ್ ಕೂಡ ಮೈಕೋಲಿಕ್ ಆಮ್ಲದ ಗೋಡೆಯನ್ನೇ ಗುರಿ ಮಾಡುತ್ತದೆ.

ನೀವು ಏನು ಮಾಡಬೇಕು?

• ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಅಥವಾ ಕಫದಲ್ಲಿ ರಕ್ತ ಕಂಡರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ.
• ಔಷಧಿ ನಾಟುತ್ತದೆಯೇ ಎಂಬ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.
• ಕೆಮ್ಮಿಗೆಂದು ಅಂಗಡಿಯಿಂದ ನೀವೇ ಆಂಟಿಬಯಾಟಿಕ್ ತರಬೇಡಿ. ಲೆವೊಫ್ಲಾಕ್ಸಸಿನ್‌ನಂಥವು ಕ್ಷಯವನ್ನು ತಾತ್ಕಾಲಿಕವಾಗಿ ತಗ್ಗಿಸಿ ರೋಗಪತ್ತೆಯನ್ನು ತಡಮಾಡುತ್ತವೆ.
• ಕೆಲವೇ ವಾರಗಳಲ್ಲಿ ಹಸಿವು ಮರಳಿ ತೂಕ ಏರಬಹುದು. ಆಗಲೂ ಬ್ಯಾಕ್ಟೀರಿಯಾ ಉಳಿದಿರುತ್ತದೆ. ಮಾತ್ರೆ ನಿಲ್ಲಿಸಬೇಡಿ.
• ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾದರೆ ಗಾಬರಿ ಬೇಡ. ಆದರೆ ಕಣ್ಣು ಹಳದಿಯಾದರೆ, ಪಾದ ಜೋಮು ಹಿಡಿದರೆ, ದೃಷ್ಟಿ ಮಂಜಾದರೆ ಅಥವಾ ಕೆಂಪು, ಹಸಿರು ಬಣ್ಣ ಗುರುತಿಸಲು ಕಷ್ಟವಾದರೆ ಕೂಡಲೇ ವೈದ್ಯರಿಗೆ ತಿಳಿಸಿ.
• ಹೋಟೆಲ್, ಕಟ್ಟಡ ಕೆಲಸಕ್ಕೆ ಮುಂಬೈಗೆ ಬಂದವರು ಚಿಕಿತ್ಸೆಯ ನಡುವೆ ಊರಿಗೆ ಹೋಗಬೇಕಾದರೆ ಮೊದಲೇ ಕೇಂದ್ರಕ್ಕೆ ತಿಳಿಸಿ. ನಿಮ್ಮ ನಿಕ್ಷಯ್ ಸಂಖ್ಯೆಯ ಮೂಲಕ ಚಿಕಿತ್ಸೆಯನ್ನು ಉಡುಪಿಗಾಗಲಿ ಕಲಬುರಗಿಗಾಗಲಿ ವರ್ಗಾಯಿಸಬಹುದು.

ಹೆಚ್ಚಿನ ಮಾಹಿತಿಗೆ ನಿಕ್ಷಯ್ ಉಚಿತ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ.