ಹರಿಗೋಲಿಗೆ ಸಿಗದ ಕರಡಿ, ಹರಿಗೋಲನ್ನೇ ಎಳೆದ ಮೀನು

ಅಲಾಸ್ಕ ಮತ್ತು ಕೆನಡಾದ ಹೊಳೆಗಳಲ್ಲಿ ವಸಂತ ಋತು ಬಂತೆಂದರೆ ವಿಶಿಷ್ಟ ಬಗೆಯ ಬೇಟೆಯೊಂದು ಶುರುವಾಗುತ್ತದೆ. ಬೇಟೆಗಾರ ಹಗುರವಾದ ದೋಣಿಯನ್ನು ನೀರಿಗಿಳಿಸಿ, ಸದ್ದು ಮಾಡದೆ, ಹರಿವಿನೊಡನೆ ತೇಲುತ್ತ ಹೋಗುತ್ತಾನೆ. ಅವನ ಕಣ್ಣೆಲ್ಲ ದಡದ ಮೇಲೆ. ಚಳಿಗಾಲವನ್ನು ಗವಿಯಲ್ಲಿ ನಿದ್ರಿಸಿ ಕಳೆದ ಕಪ್ಪು ಕರಡಿ ಹಸಿದು ಹೊರಬಂದಾಗ ಹೊಳೆಯ ದಂಡೆಯಲ್ಲಿ ಎಳೆಯ ಹುಲ್ಲು ಚಿಗುರಿರುತ್ತದೆ. ಅದನ್ನು ಮೇಯಲು ಬಂದ ಕರಡಿಗೆ ನೀರಿನ ಕಡೆಯಿಂದ ಅಪಾಯ ಬರಬಹುದೆಂಬ ಗುಮಾನಿ ಇರುವುದಿಲ್ಲ.

ಕೊಳ್ಳೇಗಾಲ ಸೀಮೆಯಲ್ಲಿ ಹೊಳೆಯಿದೆ, ತೆಪ್ಪವಿದೆ, ಕರಡಿಯೂ ಇದೆ. ಧನಗೆರೆ, ಸತ್ತೇಗಾಲದಂಥ ಊರುಗಳಿರುವ ಈ ತಾಲ್ಲೂಕಿನ ಅಂಚಿನಲ್ಲೇ ಕಾವೇರಿ ಶಿವನಸಮುದ್ರದ ಬಳಿ ಎರಡಾಗಿ ಒಡೆದು, ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮುಕಿ, ಮತ್ತೆ ಒಂದಾಗಿ ಕಾಡು ಕಣಿವೆಯನ್ನು ಹೊಗುತ್ತಾಳೆ. ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ, ಮೇಕೆದಾಟು ದಾಟಿ ಹೊಗೇನಕಲ್ಲಿನವರೆಗೂ ಇದೇ ಕಣಿವೆ. ಆದರೂ ಇಲ್ಲಿ ಹೆಸರಾದದ್ದು ತೆಪ್ಪದ ಮೇಲಿನ ಕರಡಿ ಬೇಟೆಯಲ್ಲ, ಮೀನಿನ ಬೇಟೆ. ಇದಕ್ಕೆ ಕಾರಣ ಬೇಟೆಗಾರನ ಇಷ್ಟಾನಿಷ್ಟಗಳಿಗಿಂತ ಹೆಚ್ಚಾಗಿ ಪ್ರಾಣಿಯ ಊಟದಲ್ಲಿದೆ.

ಹುತ್ತದ ಕಡೆಗೆ ಕರಡಿಯ ದಾರಿ

ನಮ್ಮ ಕರಡಿಯೂ ಕಪ್ಪು ಬಣ್ಣದ್ದೇ. ಕಳೆದ ಶತಮಾನಗಳ ಇಂಗ್ಲಿಷ್ ಬೇಟೆಗಾರರು ಅದನ್ನು ಭಾರತದ ಕಪ್ಪು ಕರಡಿ ಎಂದೇ ಕರೆದರು. ಆದರೆ ಅಮೆರಿಕದ ಕಪ್ಪು ಕರಡಿಗೂ ಇದಕ್ಕೂ ಜಾತಿಯೇ ಬೇರೆ. 1791ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಷಾ ಇದರ ಉದ್ದನೆಯ ಬಾಗಿದ ಉಗುರುಗಳನ್ನೂ ವಿಚಿತ್ರವಾದ ಹಲ್ಲುಗಳನ್ನೂ ಕಂಡು, ಮರಕ್ಕೆ ಜೋತುಬೀಳುವ ದಕ್ಷಿಣ ಅಮೆರಿಕದ ಸ್ಲಾತ್ ಪ್ರಾಣಿಯ ಬಳಗಕ್ಕೆ ಇದನ್ನು ಸೇರಿಸಿಬಿಟ್ಟಿದ್ದ. ತಪ್ಪು ಬೇಗನೆ ತಿದ್ದಲ್ಪಟ್ಟರೂ ‘ಸ್ಲಾತ್ ಬೇರ್’ ಎಂಬ ಹೆಸರು ಉಳಿದುಕೊಂಡಿತು.

ಆ ಉಗುರು, ಆ ಹಲ್ಲು ಎರಡೂ ಗೆದ್ದಲು ತಿನ್ನುವುದಕ್ಕಾಗಿ ಇರುವಂಥವು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲದ ಸಂದಿಯಿಂದ ಕರಡಿ ಗೆದ್ದಲನ್ನು ರಭಸವಾಗಿ ಹೀರಿಕೊಳ್ಳುತ್ತದೆ. ಉಳಿದಂತೆ ಇರುವೆ, ಜೇನು, ಕಕ್ಕೆಕಾಯಿ, ಎಲಚಿ, ನೇರಳೆ, ಆಲದ ಹಣ್ಣು ಅದರ ಆಹಾರ. ಹೊಳೆಯ ದಂಡೆಯ ಹುಲ್ಲಿಗಾಗಿ ಕಾಯುವ ಕಷ್ಟ ಅದಕ್ಕಿಲ್ಲ. ಇಲ್ಲಿ ಹಿಮಗಾಲವಿಲ್ಲದ ಕಾರಣ ದೀರ್ಘ ನಿದ್ರೆಯೂ ಇಲ್ಲ. ಬಿಸಿಲಿನ ಹೊತ್ತನ್ನು ಬಂಡೆಗಳ ನಡುವಿನ ಗವಿಯಲ್ಲೋ ಪೊದೆಯ ನೆರಳಿನಲ್ಲೋ ಕಳೆದು, ಸಂಜೆ ಕತ್ತಲಾಗುವಾಗ ಹುತ್ತಗಳತ್ತ ಹೊರಡುವುದು ಅದರ ಪದ್ಧತಿ.

ಹೀಗಾಗಿ ಇಲ್ಲಿನ ಕರಡಿ ಬೇಟೆ ಬೆಟ್ಟದ ಬೇಟೆಯಾಯಿತು. ರಾತ್ರಿಯ ಮೇವು ಮುಗಿಸಿ ಕರಡಿ ಗವಿಗೆ ಮರಳುವ ಮುನ್ನವೇ, ನಸುಕಿನಲ್ಲಿ ಬಂಡೆಗಳ ಮೇಲೆ ಹೊಂಚಿ ಕೂರುವುದು ಒಂದು ಕ್ರಮ. ಸೋವುವವರನ್ನು ಬಿಟ್ಟು ಪೊದೆಯಿಂದ ಎಬ್ಬಿಸುವುದು ಇನ್ನೊಂದು. ಚಾಮರಾಜನಗರದ ಬಳಿ 1874ರಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿದ ಮೈಸೂರು ಸರ್ಕಾರದ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಕಾಡಿನ ಅನುಭವಗಳ ಗ್ರಂಥದಲ್ಲಿ ಕರಡಿಗೂ ಜಾಗವಿದೆ. ಮುಂದೆ ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಆರ್.ಸಿ. ಮಾರಿಸ್, ಬೆಂಗಳೂರಿನ ಕೆನೆತ್ ಆಂಡರ್ಸನ್ ಮೊದಲಾದವರು ಈ ಸೀಮೆಯ ಕಾಡುಗಳಲ್ಲಿ ಅಲೆದು ಬರೆದರು. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿಗೆ ಬಂದದ್ದು 1956ರಲ್ಲಿ.

ರಾಗಿ ಉಂಡೆಯ ಗಾಳ

ಬೆಟ್ಟದ ಬೇಟೆಗೆ ಉಪಯೋಗವಿಲ್ಲದ ತೆಪ್ಪ, ಹೊಳೆಯಲ್ಲಿ ಮಾತ್ರ ಬೇಟೆಗಾರನಿಗೆ ಅನಿವಾರ್ಯವಾಯಿತು. ತೆಪ್ಪ ಅಥವಾ ಹರಿಗೋಲು ಕನ್ನಡ ನಾಡಿನ ಬಹು ಹಳೆಯ ವಾಹನ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ಬಿದಿರಿನ ಹೆಣಿಗೆ ಈಗಲೂ ಅದೇ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿವೆ. ತಳ ಚಪ್ಪಟೆಯಾದ್ದರಿಂದ ಕಡಿಮೆ ನೀರಿನಲ್ಲೂ ಬಂಡೆಗಳ ಸಂದಿಯಲ್ಲೂ ನುಸುಳಬಲ್ಲುದು. ಮುಂದು ಹಿಂದು ಎಂಬುದಿಲ್ಲದ್ದರಿಂದ ಯಾವ ಕಡೆಗಾದರೂ ತಿರುಗಬಲ್ಲುದು.

ಗಾಳ ಹಾಕುವ ವಿನೋದವೂ ಇಂಗ್ಲಿಷರು ತಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಬಗೆಗಳು, ಗಾಳ, ಅದಕ್ಕೆ ಸಿಕ್ಕಿಸುವ ಎರೆ ಇವುಗಳನ್ನು ದೊರೆಯೊಬ್ಬ ಕಲಿಯಬೇಕಾದ ವಿದ್ಯೆಯಂತೆ ಅಲ್ಲಿ ವಿವರಿಸಲಾಗಿದೆ.

ಕಾವೇರಿಯ ಮಡುಗಳಲ್ಲಿ ಎಲ್ಲರನ್ನೂ ಸೆಳೆದ ಮೀನು ಮಹಶೀರ್. ಅದರಲ್ಲೂ ಬೆನ್ನು ಗೂನಾದ, ಕಿತ್ತಳೆ ಬಣ್ಣದ ರೆಕ್ಕೆಗಳ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮೀನನ್ನು ಹಿಡಿದರೆ, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮೀನನ್ನು ಹಿಡಿದು ದಾಖಲೆ ಮಾಡಿದರು. ಹುಲಿ, ಚಿರತೆ, ಕರಡಿಗಳ ಚರ್ಮಕ್ಕೆ ತುಂಬುಗೆ ಮಾಡಿ ನಿಲ್ಲಿಸುವುದರಲ್ಲಿ ಹೆಸರಾದ ಕುಟುಂಬ ಇದೇ.

ಇಂಥ ಮೀನಿಗೆ ಒಡ್ಡುತ್ತಿದ್ದ ಎರೆ ಸಾಮಾನ್ಯವಾಗಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಗಾಳ ಕಚ್ಚಿದೊಡನೆ ಮೀನು ರಭಸದ ನೀರಿಗೆ ಇಳಿದು ಬಂಡೆಗಳ ಅಡಿ ಸೇರುತ್ತಿತ್ತು. ಆಗ ಬೇಟೆಗಾರ ತೆಪ್ಪಕ್ಕೆ ಹಾರಬೇಕು. ಅಂಬಿಗ ಮೀನು ಹೋದತ್ತ ತೆಪ್ಪವನ್ನು ಬಿಡಬೇಕು, ಬಂಡೆಗೆ ಸಿಕ್ಕ ದಾರವನ್ನು ಬಿಡಿಸಬೇಕು. ಎಷ್ಟೋ ಸಲ ತೆಪ್ಪವನ್ನು ಎಳೆದೊಯ್ಯುತ್ತಿದ್ದುದು ಮೀನೇ. ಫೋಟೋದಲ್ಲಿ ಮೀನು ಹಿಡಿದು ನಿಂತವರು ಯಾರೇ ಆಗಿರಲಿ, ಯಾವ ಮಡು ಎಷ್ಟು ಆಳ, ಯಾವ ತಿಂಗಳಲ್ಲಿ ಮೀನು ಎಲ್ಲಿರುತ್ತದೆ ಎಂಬ ತಿಳಿವಳಿಕೆ ಹುಟ್ಟು ಹಿಡಿದವನದಾಗಿತ್ತು.

ಕಾಯ್ದೆ ಮತ್ತು ದಾಖಲೆ

ಮೀನು ಕಡಿಮೆಯಾಗುವ ಆತಂಕ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದು, 1873ರಲ್ಲಿ ಭಾರತದ ಗಾಳದ ಮೀನುಗಾರಿಕೆ ಕುರಿತು ಗ್ರಂಥ ಬರೆದ ಎಚ್.ಎಸ್. ಥಾಮಸ್ ಅದಕ್ಕೂ ಮೊದಲೇ, ವಿಷ ಹಾಕುವುದರಿಂದ ಮತ್ತು ಸಣ್ಣ ಕಣ್ಣಿನ ಬಲೆಯಿಂದ ಮರಿಗಳು ನಾಶವಾಗುವುದರ ಬಗ್ಗೆ ಎಚ್ಚರಿಸಿದ್ದರು. 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷದ ಬಳಕೆಯನ್ನು ನಿಷೇಧಿಸಿತು. ಆದರೂ ಸಿಡಿಮದ್ದಿನ ಹಾವಳಿ ಇಪ್ಪತ್ತನೆಯ ಶತಮಾನದುದ್ದಕ್ಕೂ ನಿಲ್ಲಲಿಲ್ಲ. ಜತೆಗೆ ಅಣೆಕಟ್ಟುಗಳು ಹೊಳೆಯನ್ನು ತುಂಡರಿಸಿದವು. 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಜಲಾಶಯ ಇವುಗಳಲ್ಲೊಂದು.

1972ರ ವನ್ಯಜೀವಿ ಕಾಯ್ದೆ ಬೆಟ್ಟದ ಶಿಕಾರಿಯ ಕಾಲಕ್ಕೆ ತೆರೆ ಎಳೆಯಿತು. ಇಂದು ಕರಡಿ ಆ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ. ಹೊಳೆಯ ಕಥೆ ಮಾತ್ರ ಬೇರೆ ಹಾದಿ ಹಿಡಿಯಿತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಹವ್ಯಾಸಿಗಳು ಕಾವೇರಿಯಲ್ಲಿ ದೊಡ್ಡ ಮಹಶೀರ್ ಇನ್ನೂ ಇದೆಯೆಂದು ತೋರಿಸಿದ ಮೇಲೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳು ಬೆಳೆದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೇ ಬಿಡುವುದು ಅಲ್ಲಿನ ನಿಯಮ. ಹಿಂದೆ ಸಿಡಿಮದ್ದು ಹಾಕುತ್ತಿದ್ದ ಕೆಲವರೇ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ಸಂಬಳ ಪಡೆದರು. 1987ರಲ್ಲಿ ಈ ಕಣಿವೆ ಕಾವೇರಿ ವನ್ಯಜೀವಿ ಧಾಮವಾಯಿತು. ರಕ್ಷಿತ ಪ್ರದೇಶದಲ್ಲಿ ಗಾಳ ಹಾಕುವುದೂ ಬೇಟೆಯೇ ಅಲ್ಲವೆ ಎಂಬ ಪ್ರಶ್ನೆ ಎದ್ದು, 2012ರ ಹೊತ್ತಿಗೆ ಶಿಬಿರಗಳ ಗಾಳ ನಿಂತಿತು.

ನಿಂತ ಮೇಲೆ ಆ ಲೆಕ್ಕದ ಬೆಲೆ ಗೊತ್ತಾಯಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮಹಶೀರ್ ಸಂಖ್ಯೆ ಏರಿದ್ದರೂ ಗೂನುಬೆನ್ನಿನ ಮಹಶೀರ್ ಮಾತ್ರ ಕುಸಿದಿತ್ತು. ಹೆಚ್ಚಿದ್ದುದು, 1970ರ ದಶಕದಿಂದ ಮೀನುಮರಿ ಕೇಂದ್ರದಲ್ಲಿ ಬೆಳೆಸಿ ಹೊಳೆಗೆ ಬಿಟ್ಟ ಬೇರೊಂದು ಜಾತಿ, ನೀಲಿ ರೆಕ್ಕೆಯ ಮಹಶೀರ್. ಗೂನುಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದೇ 2018ರಲ್ಲಿ. ಅದೇ ವರ್ಷ ಅದನ್ನು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಹೊಳೆಯ ಆಳದ ಮೀನನ್ನು ದಡದಿಂದ ಎಣಿಸಲಾಗದು. ಬೆಟ್ಟದ ಕರಡಿಯನ್ನಾದರೆ ಹೆಜ್ಜೆ ಗುರುತಿನಿಂದಲೋ ಕ್ಯಾಮೆರಾದಿಂದಲೋ ಲೆಕ್ಕ ಹಿಡಿಯಬಹುದು. ಮೀನಿನ ವಿಷಯದಲ್ಲಿ ಆ ಕೆಲಸ ಮಾಡಿದ್ದು ತೆಪ್ಪದಲ್ಲಿ ಕೂತವರು. ಬೇಟೆ ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ಏನೇ ಇರಲಿ, ಮಡುಗಳನ್ನು ಬಲ್ಲ ಅಂಬಿಗರನ್ನು ಕಾವಲಿಗೂ ಎಣಿಕೆಗೂ ಉಳಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಬೇಕಾಗಿಲ್ಲ. ಕಾವೇರಿಗೇ ಮೀಸಲಾದ ಮೀನೊಂದು ಉಳಿಯುವುದೋ ಇಲ್ಲವೋ ಎಂಬುದರ ಸುದ್ದಿ ಮೊದಲು ತಿಳಿಯುವುದು ಅವರಿಗೇ.