ಮೋರಖಂಡಿಯ ಕಾಗುಣಿತ, ಕಂಪ್ಯೂಟರಿನ ಕಣ್ಣು

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಸಮೀಪದ ಮೋರಖಂಡಿ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಕಾಗುಣಿತದ ಪ್ರಶ್ನೆಯಾಗಿಯೇ ಪರಿಚಿತ. ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದನ ವಣಿ ಮತ್ತು ರಾಧನ್‌ಪುರ ತಾಮ್ರಶಾಸನಗಳು ಒಂಬತ್ತನೆಯ ಶತಮಾನದ ಆರಂಭದಲ್ಲಿ ‘ಮಯೂರಖಂಡಿ’ಯಿಂದ ಹೊರಟವು. ಆ ಮಯೂರಖಂಡಿ ಇಂದಿನ ಮೋರಖಂಡಿಯೇ ಎಂದು ಕೆಲವು ವಿದ್ವಾಂಸರೂ, ಅದು ನಾಸಿಕ್ ಜಿಲ್ಲೆಯ ಬೆಟ್ಟದ ಕೋಟೆ ಎಂದು ಇನ್ನು ಕೆಲವರೂ ವಾದಿಸಿದ್ದಾರೆ. ಸಂಸ್ಕೃತದ ಮಯೂರ ಮರಾಠಿಯಲ್ಲಿ ಮೋರ, ಎರಡೂ ನವಿಲೇ. ಒಂದು ರಾಜಧಾನಿಯ ನೆಲೆ ಎಲ್ಲಿತ್ತೆಂಬ ಚರ್ಚೆಯಲ್ಲಿ ನಾಲ್ಕಾರು ಅಕ್ಷರಗಳಿಗೆ ಇಷ್ಟು ತೂಕ.

ತಾಮ್ರಪಟ ಕೊರೆಯುವವನ ಕೈತಪ್ಪನ್ನು ತಿದ್ದಲು ಎರಡನೆಯ ಅವಕಾಶ ಕಡಿಮೆ. ಮೊಳೆ ಜೋಡಿಸುವ ಮುದ್ರಣಾಲಯಗಳು ಬಂದಮೇಲೆ ಕರಡು ತಿದ್ದುವ ಒಂದು ಕಸುಬೇ ಬೆಳೆಯಿತು. ಆ ಬಳಿಕ ಪುಟವಿನ್ಯಾಸ ಕಂಪ್ಯೂಟರಿಗೆ ಬಂತು. ಆಲ್ಡಸ್ ಕಂಪೆನಿಯ ಪೇಜ್‌ಮೇಕರ್ 1985ರಲ್ಲಿಯೂ, ಕೋರೆಲ್‌ಡ್ರಾ 1989ರಲ್ಲಿಯೂ ಹೊರಬಂದವು. ತೊಂಬತ್ತರ ದಶಕದಲ್ಲಿ ಜಿಲ್ಲಾ ಕೇಂದ್ರಗಳ ಡಿಟಿಪಿ ಅಂಗಡಿಗಳಿಗೂ ಇವು ತಲುಪಿದವು. ಇಂಗ್ಲಿಷಿನ ತಪ್ಪು ಹಿಡಿಯುವ ಕಾಗುಣಿತ ಪರೀಕ್ಷಕ, ಅಂದರೆ ಸ್ಪೆಲ್ ಚೆಕರ್, ಪೇಜ್‌ಮೇಕರ್‌ನಲ್ಲಿ ಆಗಲೇ ಇತ್ತು. ಕನ್ನಡಕ್ಕೆ ಮಾತ್ರ ಅದು ಒದಗಲಿಲ್ಲ. ಏಕೆ?

ಅಕ್ಷರವಲ್ಲ, ಅಕ್ಷರದ ಚೂರು

ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡ ಮುದ್ರಣಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಪೇಜ್‌ಮೇಕರ್‌ಗೆ ಗೊತ್ತಿದ್ದದ್ದು ರೋಮನ್ ಅಕ್ಷರಗಳ ಮನೆಗಳು ಮಾತ್ರ. ಆದ್ದರಿಂದ ಫಾಂಟ್ ತಯಾರಕರು ಆ ಮನೆಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದರು. ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ.

ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟಿನಲ್ಲಿ ಮೋರಖಂಡಿ ಎಂದು ಬರೆದರೆ ‘ಮೋ’ ಎಂಬ ಒಂದೇ ಅಕ್ಷರಕ್ಕೆ ನಾಲ್ಕು ಚೂರು ಬೇಕು: ವಕಾರದ ಬುಡ, ಎತ್ವ, ಕೊಂಬಿನ ಇಳಿ, ಕೊನೆಗೆ ದೀರ್ಘ. ‘ಖಂಡಿ’ಯ ಪಾಡು ಇನ್ನೂ ವಿಚಿತ್ರ. ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷಿನ ದೊಡ್ಡ ಆರ್, ದೊಡ್ಡ ಎ, ಚಿಕ್ಕ ಆರ್. ಪರದೆಯ ಮೇಲೆ ಓದುಗನಿಗೆ ಕಾಣುವುದು ಕನ್ನಡ. ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್. ಅಲ್ಲಿ ಕಾಗುಣಿತ ಪರೀಕ್ಷಿಸಲು ಹೊರಟರೆ ಪ್ರತಿ ಪದವೂ ತಪ್ಪೇ. ಒಂದು ಕಂಪೆನಿಯ ಮನೆಗಳ ವಿಂಗಡಣೆ ಇನ್ನೊಂದರದಕ್ಕೆ ಹೊಂದುತ್ತಿರಲಿಲ್ಲವಾದ್ದರಿಂದ ಎಲ್ಲಕ್ಕೂ ಸಲ್ಲುವ ಪದಪಟ್ಟಿ ಮಾಡುವುದೂ ಕಷ್ಟವಾಗಿತ್ತು.

ಮದುವೆ ಪತ್ರಿಕೆ, ಬ್ಯಾನರ್‌ಗಳಲ್ಲಿ ಇನ್ನೂ ಒಂದು ತೊಡಕಿದೆ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಅಕ್ಷರ ಕೆಡಬಾರದೆಂದು ಕೋರೆಲ್‌ಡ್ರಾದಲ್ಲಿ ಬರಹವನ್ನು ರೇಖಾಚಿತ್ರವಾಗಿ, ಅಂದರೆ ‘ಕರ್ವ್’ ಆಗಿ, ಬದಲಿಸಿ ಮುದ್ರಣಕ್ಕೆ ಕಳಿಸುವ ರೂಢಿ ಇದೆ. ಆ ಹಂತದಲ್ಲಿ ಕಡತದಲ್ಲಿ ಅಕ್ಷರವೇ ಉಳಿಯುವುದಿಲ್ಲ, ಬರೀ ಗೆರೆ. ತಪ್ಪು ಹುಡುಕುವುದೇನಿದ್ದರೂ ಅದಕ್ಕೆ ಮೊದಲೇ ಆಗಬೇಕು.

ಹಂಗೇರಿಯಿಂದ ಬಂದ ನೆರವು

ಅಕ್ಷರಕ್ಕೆ ಅಕ್ಷರವಾಗಿಯೇ ಸ್ಥಾನ ಕೊಟ್ಟದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ತಂದಿತು. ವಿನ್ಯಾಸ ತಂತ್ರಾಂಶಗಳು ಮಾತ್ರ ಹಿಂದುಳಿದವು. ಫೋಟೋಶಾಪ್‌ಗೆ 2002ರಲ್ಲಿ ಕಾಗುಣಿತ ಪರೀಕ್ಷಕ ಬಂದಾಗ ಕನ್ನಡಿಗರಿಗೆ ಅದರಿಂದ ಪ್ರಯೋಜನವಾಗಲಿಲ್ಲ. 2012ರ ಇನ್‌ಡಿಸೈನ್ ಸಿಎಸ್6 ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಒತ್ತಕ್ಷರ ಜೋಡಣೆಯನ್ನೂ ‘ಹನ್‌ಸ್ಪೆಲ್’ ಪದಕೋಶಗಳನ್ನೂ ಒಳಗೊಂಡಿತು.

ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದನ್ನು ರೂಪಿಸಿದವರು ಲಾಸ್ಲೊ ನೇಮೆತ್. ಕನ್ನಡದಂತೆ ಆ ಭಾಷೆಯಲ್ಲೂ ಮೂಲಪದಕ್ಕೆ ಪ್ರತ್ಯಯಗಳು ಸಾಲಾಗಿ ಅಂಟುತ್ತವೆ. ಇಂಗ್ಲಿಷಿಗೆ ಪದಪಟ್ಟಿಯೊಂದಿದ್ದರೆ ಬಹುಮಟ್ಟಿಗೆ ಸಾಕು. ಕನ್ನಡದಲ್ಲಿ ಮೋರಖಂಡಿಗೆ, ಮೋರಖಂಡಿಯಲ್ಲಿ, ಮೋರಖಂಡಿಯವರಿಗೂ, ಮೋರಖಂಡಿಯಿಂದಲೇ ಎಂದು ಒಂದೇ ಹೆಸರು ಹತ್ತಾರು ರೂಪ ತಳೆಯುತ್ತದೆ. ಎಲ್ಲವನ್ನೂ ಪಟ್ಟಿ ಮಾಡಿ ಮುಗಿಸಲಾಗದು. ಸಂಧಿ, ವಿಭಕ್ತಿಗಳ ನಿಯಮವನ್ನು ಯಂತ್ರಕ್ಕೆ ಕಲಿಸಬೇಕು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಸೂತ್ರಗಳಲ್ಲಿ ಹಿಡಿದಿಟ್ಟ ವಿಷಯವೇ ಈಗ ತಂತ್ರಜ್ಞರ ಮುಂದಿದೆ.

ಇಷ್ಟಾದರೂ ಯಂತ್ರದ ಕಣ್ಣು ತಪ್ಪಿಸುವ ತಪ್ಪುಗಳಿವೆ. ‘ಖಂಡಿ’ ಬೆರಳು ಜಾರಿ ‘ಕಂಡಿ’ಯಾದರೆ ಅದೂ ಕನ್ನಡದ ಪದವೇ, ಸಂದು ಎಂದು ಅರ್ಥ. ಅಕ್ಕಿ ಹಕ್ಕಿಯಾದರೂ ಪರೀಕ್ಷಕ ತಕರಾರು ಮಾಡದು. ಆಮಂತ್ರಣದ ‘ಆದರದ ಸ್ವಾಗತ’ಕ್ಕೆ ಹಕಾರ ಅಂಟಿದರೆ ಆಗುವ ಅನಾಹುತವೂ ಅದಕ್ಕೆ ತಿಳಿಯದು. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ‘ಮೋ’ವನ್ನು ಯೂನಿಕೋಡ್‌ನಲ್ಲಿ ಓತ್ವದ ಒಂದೇ ಸಂಕೇತದಿಂದಲೂ, ಎತ್ವ, ಕೊಂಬು, ದೀರ್ಘಗಳನ್ನು ಬಿಡಿಬಿಡಿಯಾಗಿ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ತಂತ್ರಾಂಶ ಎರಡನ್ನೂ ಸಮೀಕರಿಸದಿದ್ದರೆ ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬೀಳುತ್ತದೆ.

ಉಳಿಯಬೇಕಾದ ಹೆಸರುಗಳು

ಇದು ಬರಿಯ ತಂತ್ರಜ್ಞಾನದ ಮಾತಲ್ಲ. ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕನ್ನಡದ ಅಪಾರ ಬರಹವನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನಪಲ್ಲಟವಾಗುವುದುಂಟು. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂದು ರಾಜ್ಯವು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿದೆ. ಆ ಕನ್ನಡ ಸರಿಯಾಗಿರಬೇಕಾದರೆ ಫಲಕ ರೂಪಿಸುವ ಕಂಪ್ಯೂಟರಿನ ಮುಂದೆಯೇ ಎಚ್ಚರ ಬೇಕು.

ಉಪಾಯ ಸರಳ. ಬರಹವನ್ನು ಯೂನಿಕೋಡ್‌ನಲ್ಲೇ ಸಿದ್ಧಪಡಿಸಿ, ವಿನ್ಯಾಸಕ್ಕೆ ಸುರಿಯುವ ಮುನ್ನ ಪರೀಕ್ಷಿಸುವುದು. ವಿನ್ಯಾಸ ತಂತ್ರಾಂಶದಲ್ಲಿ ಭಾಷೆ ‘ಕನ್ನಡ’ ಎಂದು ಗುರುತಿಸುವುದು. ಕರ್ವ್ ಮಾಡುವ ಮೊದಲಿನ ಪ್ರತಿಯೊಂದನ್ನು ಕಾಯ್ದಿಡುವುದು. ಇವೆಲ್ಲದರ ಜೊತೆಗೆ ತಾಲ್ಲೂಕಿನ ಊರುಗಳ ಹೆಸರುಗಳನ್ನು ಪದಕೋಶಕ್ಕೆ ಸೇರಿಸುವುದು. ಕನ್ನಡ, ಮರಾಠಿ, ಉರ್ದು ಬೆರೆತ ಬೀದರ್ ಸೀಮೆಯಲ್ಲಿ ಈ ಕೊನೆಯ ಕೆಲಸ ಹೆಚ್ಚು ಮುಖ್ಯ. ಪದಕೋಶದಲ್ಲಿಲ್ಲದ ಊರಿನ ಹೆಸರನ್ನು ಯಂತ್ರ ತಪ್ಪೆಂದೇ ತೋರಿಸುತ್ತದೆ. ಅವಸರದಲ್ಲಿರುವವರು ಅದು ಸೂಚಿಸಿದ ಪದವನ್ನೇ ಒಪ್ಪಿಬಿಡುತ್ತಾರೆ. ಸರಿಯಾದ ರೂಪ ಯಾವುದೆಂದು ಯಂತ್ರಕ್ಕೆ ಹೇಳಿಕೊಡಬಲ್ಲವರು ಆ ಊರಿನವರೇ.